ಉಬ್ಬಸದ ಬೆಕ್ಕಿಗೆ ಊಟ ಹೇಗಿರಬೇಕು?

ಬೆಕ್ಕು ನೆಲಕ್ಕೆ ಅವಚಿ ಕೂತು, ಕತ್ತನ್ನು ಮುಂದಕ್ಕೆ ಚಾಚಿ ಕೆಮ್ಮುತ್ತದೆ. ಮೈ ನೆಕ್ಕುವಾಗ ಹೊಟ್ಟೆಗೆ ಹೋದ ಕೂದಲು ಗಂಟಲಿಗೆ ಸಿಕ್ಕಿಕೊಂಡಿರಬೇಕು ಎಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಲ್ಲುತ್ತದೆ. ಕೂದಲುಂಡೆ ಮಾತ್ರ ಹೊರಗೆ ಬೀಳುವುದಿಲ್ಲ. ಹೀಗೇ ಎಷ್ಟೋ ಸಲ ಆದ ಮೇಲೆ ಪಶುವೈದ್ಯರ ಬಳಿಗೆ ಹೋದಾಗ ಎಕ್ಸ್-ರೇ ತೆಗೆದು, ಪರೀಕ್ಷೆಗಳನ್ನು ಮಾಡಿ, ಇದಕ್ಕೆ ಆಸ್ತಮಾ, ಅಂದರೆ ಉಬ್ಬಸ ಇದೆ ಎನ್ನುತ್ತಾರೆ.

ಮನೆಗೆ ಬಂದ ಮೇಲೆ ಏಳುವ ಮೊದಲ ಪ್ರಶ್ನೆಯೇ ಊಟದ್ದು. ಮೀನು ನಿಲ್ಲಿಸಬೇಕೆ? ಮೊಸರನ್ನ ಶೀತವಾಗುತ್ತದೆಯೆ? ಹಾಲಿನಿಂದ ಕಫ ಹೆಚ್ಚುತ್ತದೆಯೆ? ಅಕ್ಕಪಕ್ಕದವರು ಒಬ್ಬೊಬ್ಬರು ಒಂದೊಂದು ಪಥ್ಯ ಹೇಳುತ್ತಾರೆ. ಬೆಕ್ಕಿನ ಸಂಕಟ ನೋಡಲಾಗದೆ ಎಲ್ಲವನ್ನೂ ಮಾಡಿಬಿಡೋಣ ಅನಿಸುವುದು ಸಹಜ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಬೆಕ್ಕಿನ ಉಬ್ಬಸವನ್ನು ಗುಣಪಡಿಸುವ ಆಹಾರ ಯಾವುದೂ ಇಲ್ಲ. ಔಷಧಿಯ ಜಾಗವನ್ನು ಊಟ ತುಂಬಲಾರದು. ಆದರೆ ತೂಕ ಹಿಡಿತದಲ್ಲಿರುವ, ಸರಿಯಾಗಿ ಉಂಡ ಬೆಕ್ಕು ಸುಲಭವಾಗಿ ಉಸಿರಾಡುತ್ತದೆ. ಔಷಧಿಯ ಅಡ್ಡಪರಿಣಾಮಗಳನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದಷ್ಟು ಕಡಿಮೆ ಔಷಧಿಯಲ್ಲಿ ಬೆಕ್ಕನ್ನು ನೆಮ್ಮದಿಯಾಗಿಡುವುದಕ್ಕೆ ಊಟ ಒತ್ತಾಸೆಯಾಗುತ್ತದೆ. ಅದು ನಿಮ್ಮ ಕೈಯಲ್ಲಿರುವ ಕೆಲಸ.

ಉಬ್ಬಸದಲ್ಲಿ ಆಗುವುದೇನು?

ಬೆಕ್ಕಿನ ಉಬ್ಬಸ ಹೊಸ ಕಾಯಿಲೆಯಲ್ಲ. ನೂರು ವರ್ಷಕ್ಕೂ ಹಿಂದೆಯೇ ಪಶುವೈದ್ಯರು ಇದನ್ನು ಗುರುತಿಸಿದ್ದರು. ಗಾಳಿಯಲ್ಲಿ ತೇಲುವ ಧೂಳು, ಧೂಳಿನ ನುಸಿ, ಪರಾಗ, ಬೂಷ್ಟಿನ ಕಣಗಳು ಉಸಿರಿನೊಂದಿಗೆ ಒಳಗೆ ಹೋದಾಗ ಕೆಲವು ಬೆಕ್ಕುಗಳ ರೋಗನಿರೋಧಕ ವ್ಯವಸ್ಥೆ ಅವನ್ನು ಶತ್ರುಗಳೆಂದು ತಿಳಿದು ತಿರುಗಿಬೀಳುತ್ತದೆ. ಆಗ ಶ್ವಾಸನಾಳಗಳ ಒಳಗೋಡೆ ಊದಿಕೊಳ್ಳುತ್ತದೆ, ಲೋಳೆ ಹೆಚ್ಚುತ್ತದೆ, ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ಮೂರೂ ಸೇರಿ ಗಾಳಿಯ ದಾರಿ ಕಿರಿದಾಗುತ್ತದೆ. ಒಳಗೆ ಹೋದ ಗಾಳಿಯನ್ನು ಹೊರಗೆ ಹಾಕುವುದೇ ಬೆಕ್ಕಿಗೆ ಕಷ್ಟವಾಗುತ್ತದೆ.

ಇದಕ್ಕೆ ಮುಖ್ಯ ಚಿಕಿತ್ಸೆ ಸ್ಟಿರಾಯ್ಡ್. ಪ್ರೆಡ್ನಿಸೊಲೋನ್ ಮಾತ್ರೆಯಾಗಿಯೋ, ಫ್ಲುಟಿಕಾಸೋನ್ ಇನ್‌ಹೇಲರ್ ಆಗಿಯೋ ಅದನ್ನು ಕೊಡುತ್ತಾರೆ. ಉಸಿರು ಕಟ್ಟಿದಾಗ ನಾಳಗಳನ್ನು ಬೇಗ ಸಡಿಲಿಸಲು ಸಾಲ್ಬುಟಮಾಲ್ ಇನ್‌ಹೇಲರ್ ಇದೆ. ಇವೆಲ್ಲ ಮನುಷ್ಯರಿಗೂ ಕೊಡುವ ಔಷಧಿಗಳೇ. ಆದರೆ ಬೆಕ್ಕಿಗೆ ಎಷ್ಟು, ಯಾವಾಗ ಎಂಬುದನ್ನು ಪಶುವೈದ್ಯರೇ ನಿರ್ಧರಿಸಬೇಕು.

ಊಟಕ್ಕೂ ಉಸಿರಿಗೂ ಏನು ನಂಟು?

ಉಬ್ಬಸ ಬರುವುದು ಬಹುಮಟ್ಟಿಗೆ ಮೂಗಿನ ದಾರಿಯಿಂದ, ಬಾಯಿಯ ದಾರಿಯಿಂದಲ್ಲ. ಆದರೂ ಊಟ ನಾಲ್ಕು ಕಡೆಯಿಂದ ಉಸಿರನ್ನು ಮುಟ್ಟುತ್ತದೆ.

ಮೊದಲನೆಯದು ತೂಕ. ಬೊಜ್ಜು ಎದೆಗೂಡಿನ ಸುತ್ತಲೂ ಹೊಟ್ಟೆಯೊಳಗೂ ತುಂಬಿಕೊಂಡಾಗ ಎದೆ ಪೂರ್ತಿ ಹಿಗ್ಗಲಾರದು, ಎದೆ-ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆ ಕೆಳಗೆ ಇಳಿಯಲು ಜಾಗ ಸಾಲದು. ಮೊದಲೇ ಕಿರಿದಾದ ಶ್ವಾಸನಾಳಗಳಿಗೆ ಇದೊಂದು ಹೊರೆ.

ಎರಡನೆಯದು ಔಷಧಿ. ಸ್ಟಿರಾಯ್ಡ್ ಮಾತ್ರೆ ತಿನ್ನುವ ಬೆಕ್ಕಿಗೆ ಹಸಿವು ಹೆಚ್ಚುತ್ತದೆ, ಮೈ ಬರುತ್ತದೆ, ಸ್ನಾಯು ಕರಗುತ್ತದೆ, ಸಕ್ಕರೆ ಕಾಯಿಲೆಯ ಅಪಾಯ ಏರುತ್ತದೆ. ಇವನ್ನು ತಡೆಯುವ ಮೊದಲ ಜಾಗ ಊಟದ ಬಟ್ಟಲು.

ಮೂರನೆಯದು ಒಮೆಗಾ-3 ಕೊಬ್ಬು. ಮೀನಿನ ಎಣ್ಣೆಯಲ್ಲಿರುವ ಇಪಿಎ ಮತ್ತು ಡಿಎಚ್‌ಎ ಎಂಬ ಕೊಬ್ಬಿನಾಮ್ಲಗಳು ದೇಹದಲ್ಲಿ ಉರಿಯೂತ ಎಬ್ಬಿಸುವ ರಾಸಾಯನಿಕಗಳನ್ನು ಸ್ವಲ್ಪ ತಗ್ಗಿಸುತ್ತವೆ.

ನಾಲ್ಕನೆಯದು ಆಹಾರದ ಅಲರ್ಜಿ. ಬೆಕ್ಕಿನಲ್ಲಿ ಆಹಾರದ ಅಲರ್ಜಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಚರ್ಮದ ತುರಿಕೆಯಾಗಿ, ವಾಂತಿ-ಭೇದಿಯಾಗಿ. ಬರೀ ಉಬ್ಬಸಕ್ಕೆ ಅದೇ ಕಾರಣವಾಗುವುದು ಅಪರೂಪ. ಹಾಗಾಗಿ ಅಲರ್ಜಿಯ ಅನುಮಾನದಿಂದ ಒಂದೊಂದೇ ಆಹಾರ ನಿಲ್ಲಿಸುತ್ತಾ ಹೋಗುವುದು ಮೊದಲ ಹೆಜ್ಜೆಯಲ್ಲ.

ಬಟ್ಟಲು ಬದಲಿಸುವ ಮೊದಲು

ಕೆಮ್ಮೆಲ್ಲ ಉಬ್ಬಸವಲ್ಲ. ನ್ಯುಮೋನಿಯಾ, ಸೊಳ್ಳೆಯಿಂದ ಹರಡುವ ಹೃದಯದ ಹುಳು, ಶ್ವಾಸಕೋಶದ ಹುಳು ಇವೆಲ್ಲವೂ ಹಾಗೆಯೇ ಕೆಮ್ಮಿಸುತ್ತವೆ. ಶ್ವಾಸಕೋಶದ ಹುಳುವಿಗೂ ಊಟಕ್ಕೂ ನೇರ ಸಂಬಂಧವಿದೆ. ಅದರ ಮರಿಗಳು ಬಸವನಹುಳು, ಗೊಂಡೆಹುಳುಗಳಲ್ಲಿ ಬೆಳೆಯುತ್ತವೆ. ಅವನ್ನು ತಿಂದ ಹಲ್ಲಿ, ಕಪ್ಪೆ, ಇಲಿ, ಹಕ್ಕಿಗಳ ಮೈ ಸೇರುತ್ತವೆ. ಆ ಬೇಟೆಯನ್ನು ತಿಂದ ಬೆಕ್ಕಿನ ಶ್ವಾಸಕೋಶಕ್ಕೆ ಬಂದು ನೆಲೆಸುತ್ತವೆ. ತೋಟ-ಗದ್ದೆ ಸುತ್ತುವ, ಮಳೆಗಾಲದಲ್ಲಿ ಹಿತ್ತಲಲ್ಲಿ ಬೇಟೆಯಾಡುವ ಬೆಕ್ಕಾದರೆ ಈ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಮಲ ಪರೀಕ್ಷೆಯಿಂದ ಹುಳುವಿನ ಮರಿಗಳನ್ನು ಹುಡುಕಬಹುದು, ಸೂಕ್ತ ಜಂತುನಾಶಕದಿಂದ ವಾಸಿಮಾಡಬಹುದು.

ಇನ್ನೊಂದು ತಯಾರಿ: ಉಸಿರಿನ ಲೆಕ್ಕ. ಬೆಕ್ಕು ಗಾಢವಾಗಿ ಮಲಗಿರುವಾಗ ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿದ್ದರೆ ಸಾಮಾನ್ಯ. ಪದೇ ಪದೇ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ವೈದ್ಯರಿಗೆ ತಿಳಿಸಿ. ಊಟದಲ್ಲಿ ಬದಲಾವಣೆ ಮಾಡುವ ಮೊದಲು ಒಂದು ವಾರ ಈ ಸಂಖ್ಯೆಯನ್ನೂ ದಿನದ ಕೆಮ್ಮನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಬದಲಾವಣೆಯಿಂದ ಉಪಕಾರವಾಯಿತೆ ಎಂದು ಆಮೇಲೆ ಹೇಳಬಲ್ಲದ್ದು ಈ ಪುಸ್ತಕವೇ.

ಹಂತ ಹಂತವಾಗಿ ಹೀಗೆ ಮಾಡಿ

1. ಮೈ ಮುಟ್ಟಿ ತೂಕ ಅಂದಾಜಿಸಿ

ಎರಡೂ ಕೈಗಳಿಂದ ಬೆಕ್ಕಿನ ಪಕ್ಕೆಯನ್ನು ಮೆಲ್ಲಗೆ ಸವರಿ. ಒತ್ತದೆಯೇ ಪಕ್ಕೆಲುಬುಗಳು ಒಂದೊಂದಾಗಿ ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಮೇಲಿನಿಂದ ನೋಡಿದರೆ ಪಕ್ಕೆಲುಬಿನ ಹಿಂದೆ ಸೊಂಟ ಸ್ವಲ್ಪ ಒಳಸರಿದಿರಬೇಕು. ಒತ್ತಿದರೂ ಎಲುಬು ಸಿಗದಿದ್ದರೆ, ಸೊಂಟವೇ ಕಾಣದಿದ್ದರೆ ಬೆಕ್ಕು ದಪ್ಪವಾಗಿದೆ. ಎಷ್ಟು ತೂಕ ಇರಬೇಕೆಂದು ವೈದ್ಯರಿಂದ ಕೇಳಿ ಬರೆದುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

2. ಕಣ್ಣಂದಾಜು ಬಿಡಿ, ತೂಗಿ ಬಡಿಸಿ

ಮನೆಯೊಳಗೇ ಇರುವ 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲರಿ ಸಾಕು. ಈಗ 5.5 ಕಿಲೋ ಇದ್ದು 4.5 ಕಿಲೋಗೆ ಇಳಿಯಬೇಕಾದ ಬೆಕ್ಕಿನ ಉದಾಹರಣೆ ನೋಡಿ. ಅದಕ್ಕೆ ದಿನಕ್ಕೆ ಸುಮಾರು 170ರಿಂದ 175 ಕ್ಯಾಲರಿಯಿಂದ ಶುರುಮಾಡುವುದು ರೂಢಿ. ಅಂಗಡಿಯ ಒಣ ಕಾಳಿನಲ್ಲಿ 100 ಗ್ರಾಂಗೆ 375 ಕ್ಯಾಲರಿ ಇದೆ ಎಂದಾದರೆ ದಿನದ ಪಾಲು ಸುಮಾರು 46 ಗ್ರಾಂ. ಬಟ್ಟಲಿಗೆ ಕೈಯಿಂದ ಸುರಿದಾಗ ಇದರ ಎರಡರಷ್ಟು ಬೀಳುವುದು ಸುಲಭ. ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಬೆಳಿಗ್ಗೆಯೇ ಇಡೀ ದಿನದ ಪಾಲು ತೂಗಿ ಒಂದು ಡಬ್ಬಿಗೆ ಹಾಕಿಡಿ. ಮನೆಯಲ್ಲಿ ಯಾರು ಹಾಕಿದರೂ ಆ ಡಬ್ಬಿಯಿಂದಲೇ ಹಾಕಬೇಕು.

ಇಳಿಕೆ ನಿಧಾನವಾಗಿರಲಿ. ವಾರಕ್ಕೆ ಮೈತೂಕದ ಶೇ 0.5ರಿಂದ 1ರಷ್ಟು, ಅಂದರೆ ಈ ಬೆಕ್ಕಿಗೆ ಸುಮಾರು 30ರಿಂದ 55 ಗ್ರಾಂ ಇಳಿದರೆ ಸರಿ. ಗುರಿ ಮುಟ್ಟಲು ಐದಾರು ತಿಂಗಳಾದರೂ ಬೇಕು.

3. ಬೆಕ್ಕಿಗೆ ಬೆಕ್ಕಿನ ಊಟ ಕೊಡಿ

ನಮ್ಮಲ್ಲಿ ಬೆಕ್ಕೆಂದರೆ ಹಾಲನ್ನ. ಆದರೆ ಬೆಕ್ಕಿನ ದೇಹ ಮಾಂಸಕ್ಕಾಗಿಯೇ ರೂಪುಗೊಂಡದ್ದು. ಟಾರಿನ್ ಎಂಬ ಅಂಶವನ್ನು ಅದು ಸಾಕಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಪಡೆಯಬೇಕು. ಟಾರಿನ್ ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯದ ಸ್ನಾಯು ಸಡಿಲವಾಗಿ ಹೃದಯ ಹಿಗ್ಗುತ್ತದೆ. ಈ ಹೃದ್ರೋಗಕ್ಕೆ ಟಾರಿನ್ ಕೊರತೆಯೇ ಕಾರಣವೆಂದು 1987ರಲ್ಲಿ ಸಾಬೀತಾದ ಮೇಲೆ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಟಾರಿನ್ ಹೆಚ್ಚಿಸಿದವು. ಹೃದಯ ಸೋತ ಬೆಕ್ಕಿಗೂ ಉಸಿರು ಕಟ್ಟುತ್ತದೆ. ಉಬ್ಬಸದ ಬೆಕ್ಕಿಗೆ ಅದೊಂದು ಕೂಡಿಕೊಳ್ಳಬಾರದು.

ಸ್ಟಿರಾಯ್ಡ್ ತಿನ್ನುವ ಬೆಕ್ಕಿಗೆ ಪ್ರೋಟೀನ್ ಹೆಚ್ಚಿರುವ, ಪಿಷ್ಟ ಕಡಿಮೆ ಇರುವ ಊಟ ಇನ್ನೂ ಮುಖ್ಯ. ಅದು ಸ್ನಾಯುವನ್ನು ಉಳಿಸುತ್ತದೆ, ರಕ್ತದ ಸಕ್ಕರೆ ಏರದಂತೆ ನೆರವಾಗುತ್ತದೆ. ಮನೆಯಲ್ಲಿ ಮಾಂಸ ಬೇಯಿಸದವರಿಗೆ ಬೆಕ್ಕಿಗೆಂದೇ ತಯಾರಾದ ಸಂಪೂರ್ಣ ಆಹಾರವೇ ದಾರಿ. ಪೊಟ್ಟಣದ ಮೇಲೆ 'ಸಂಪೂರ್ಣ ಮತ್ತು ಸಮತೋಲಿತ' ಎಂಬ ಅರ್ಥದ ಮಾತು, ಮಾಂಸ ಅಥವಾ ಮೀನು ಮೊದಲ ಪದಾರ್ಥವಾಗಿರುವುದು, ಟಾರಿನ್ ಹೆಸರು ಈ ಮೂರನ್ನು ನೋಡಿ ಕೊಳ್ಳಿ. ನಾಯಿಯ ಆಹಾರ ಅಗ್ಗವೆಂದು ಬೆಕ್ಕಿಗೆ ಹಾಕಬೇಡಿ. ಬೆಕ್ಕಿಗೆ ಬೇಕಾದಷ್ಟು ಟಾರಿನ್ ಅದರಲ್ಲಿ ಇರುತ್ತದೆಂಬ ಭರವಸೆ ಇಲ್ಲ.

4. ನೀರು ಊಟದೊಳಗೇ ಇರಲಿ

ಬೆಕ್ಕು ಬಾಯಾರಿ ನೀರು ಕುಡಿಯುವುದು ಕಡಿಮೆ. 4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200 ಮಿ.ಲೀ. ನೀರು ಬೇಕು. ಒಣ ಕಾಳಿನಲ್ಲಿ ನೀರು ಶೇ 10ರ ಆಸುಪಾಸು, ಗ್ರೇವಿ ಪೌಚ್ ಅಥವಾ ಡಬ್ಬಿಯ ಆಹಾರದಲ್ಲಿ ಶೇ 75ರಿಂದ 80. ಮೈಯಲ್ಲಿ ನೀರು ಕಡಿಮೆಯಾದರೆ ಶ್ವಾಸನಾಳದ ಲೋಳೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಕೆಮ್ಮಿ ತೆಗೆಯುವುದು ಕಷ್ಟವಾಗುತ್ತದೆ. ದಿನದ ಪಾಲಿನಲ್ಲಿ ಅರ್ಧವನ್ನಾದರೂ ಒದ್ದೆ ಆಹಾರವಾಗಿ ಕೊಡಿ. ಇದರಲ್ಲಿ ಇನ್ನೊಂದು ಲಾಭವಿದೆ. ಅಷ್ಟೇ ಕ್ಯಾಲರಿಗೆ ಒದ್ದೆ ಆಹಾರ ಹೆಚ್ಚು ಗಾತ್ರದಲ್ಲಿ ಬರುವುದರಿಂದ ಸ್ಟಿರಾಯ್ಡ್‌ನಿಂದ ಹಸಿದ ಬೆಕ್ಕಿಗೆ ಹೊಟ್ಟೆ ತುಂಬಿದ ಸಮಾಧಾನ ಸಿಗುತ್ತದೆ. ನೀರಿನ ಅಗಲವಾದ ಬಟ್ಟಲುಗಳನ್ನು ಊಟದ ಜಾಗದಿಂದ ದೂರ, ಎರಡು ಮೂರು ಕಡೆ ಇಡಿ.

5. ಮನೆಯಲ್ಲಿ ಬೇಯಿಸುವುದಾದರೆ

ಕೋಳಿಯ ಎದೆಮಾಂಸಕ್ಕಿಂತ ತೊಡೆಮಾಂಸದಲ್ಲಿ, ಅದಕ್ಕಿಂತ ಹೃದಯದಲ್ಲಿ ಟಾರಿನ್ ಹೆಚ್ಚು. ಚರ್ಮ ತೆಗೆದು, ಉಪ್ಪು, ಅರಿಸಿನ, ಮಸಾಲೆ ಏನನ್ನೂ ಹಾಕದೆ ಬೇಯಿಸಿ. ಬೇಯುವಾಗ ಟಾರಿನ್ ನೀರಿಗೆ ಇಳಿಯುತ್ತದೆ. ಆದ್ದರಿಂದ ಆ ನೀರನ್ನು ಚೆಲ್ಲದೆ ಮಾಂಸದ ಜೊತೆಗೇ ಬಡಿಸಿ. ಬೆಂದ ಎಲುಬು ಚೂಪಾಗಿ ಸೀಳುವುದರಿಂದ ಎಲುಬನ್ನು ಪೂರ್ತಿ ಬಿಡಿಸಿ. ಕೋಳಿ ಲಿವರ್ ಒಳ್ಳೆಯದು, ಆದರೆ ಅಲ್ಪ ಪ್ರಮಾಣದಲ್ಲಿ ಮಾತ್ರ. ದಿನವೂ ಹೆಚ್ಚಾಗಿ ಕೊಟ್ಟರೆ ವಿಟಮಿನ್ 'ಎ' ವಿಷವಾಗುವ ಮಟ್ಟಕ್ಕೆ ಸೇರಿಕೊಳ್ಳುತ್ತದೆ.

ಬರೀ ಮಾಂಸ ಸಂಪೂರ್ಣ ಊಟವಲ್ಲ. ಅದರಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ವಾರಗಟ್ಟಲೆ ಮನೆ ಊಟವನ್ನೇ ಕೊಡುವ ಯೋಚನೆಯಿದ್ದರೆ ಕ್ಯಾಲ್ಸಿಯಂ, ಟಾರಿನ್, ವಿಟಮಿನ್ ಎಷ್ಟೆಷ್ಟು ಸೇರಿಸಬೇಕೆಂದು ಪಶುವೈದ್ಯರಿಂದ ಬರೆಸಿಕೊಳ್ಳಿ. ಅದು ಆಗದಿದ್ದರೆ ಮುಕ್ಕಾಲು ಪಾಲು ಸಂಪೂರ್ಣ ಆಹಾರವಿರಲಿ, ಬೇಯಿಸಿದ ಮಾಂಸ ಮೇಲೋಗರವಾಗಲಿ.

6. ಮೀನು ನಿಲ್ಲಿಸಬೇಕಿಲ್ಲ, ಆರಿಸಬೇಕು

ಕರಾವಳಿಯ ಮನೆಗಳಲ್ಲಿ ಬೆಕ್ಕಿನ ಪಾಲಿಗೆ ಭೂತಾಯಿ, ಬಂಗುಡೆ ಬರುವುದು ಸಾಮಾನ್ಯ. ಇವೆರಡೂ ಒಮೆಗಾ-3 ಇರುವ ಮೀನುಗಳೇ. ಆದರೆ ಮೂರು ಮಾತು ನೆನಪಿರಲಿ. ಭೂತಾಯಿಯಂಥ ಮೀನನ್ನು ಹಸಿಯಾಗಿ ಕೊಡಬೇಡಿ. ಅದರಲ್ಲಿರುವ ಥಯಮಿನೇಸ್ ಎಂಬ ಕಿಣ್ವ ವಿಟಮಿನ್ ಬಿ1 ಅನ್ನು ನಾಶಮಾಡುತ್ತದೆ, ಬೇಯಿಸಿದರೆ ಆ ಕಿಣ್ವ ನಿಷ್ಕ್ರಿಯವಾಗುತ್ತದೆ. ಬಿಸಿಲಲ್ಲಿ ಹೊತ್ತುಗಟ್ಟಲೆ ಇದ್ದು ಹಳಸಿದ ಮೀನು ಬೆಕ್ಕಿಗೆಂದು ತರಬೇಡಿ. ಬಂಗುಡೆಯಂಥ ಮೀನು ಹಳಸುವಾಗ ಹಿಸ್ಟಮಿನ್ ಹುಟ್ಟುತ್ತದೆ, ಅದು ಬೇಯಿಸಿದರೂ ಹೋಗದು. ಉಪ್ಪು ತುಂಬಿದ ಒಣಮೀನು ಬೇಡ. ಬೆಂದ ಮೀನು ವಾರಕ್ಕೆ ಒಂದೆರಡು ಸಲ, ಚಿಕ್ಕ ತುಂಡು ಸಾಕು.

ಮೀನೆಣ್ಣೆ ಬೇಕೆನಿಸಿದರೆ ವೈದ್ಯರನ್ನು ಕೇಳಿ, ಅವರು ಹೇಳಿದ ಪ್ರಮಾಣದಲ್ಲೇ ಕೊಡಿ. ಅತಿಯಾದರೆ ಭೇದಿಯಾಗುತ್ತದೆ, ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ, ವಿಟಮಿನ್ 'ಇ' ಕೊರತೆಯಿಂದ ಮೈಕೊಬ್ಬಿನಲ್ಲೇ ಉರಿಯೂತ ಉಂಟಾಗುತ್ತದೆ. ಕಾಡ್ ಲಿವರ್ ಎಣ್ಣೆ ಬೇರೆ, ಮೀನೆಣ್ಣೆ ಬೇರೆ. ಕಾಡ್ ಲಿವರ್ ಎಣ್ಣೆಯಲ್ಲಿ ವಿಟಮಿನ್ 'ಎ' ಮತ್ತು 'ಡಿ' ಹೆಚ್ಚಿರುವುದರಿಂದ ಅದನ್ನು ಕೊಡಬೇಡಿ. ಅಗಸೆ ಎಣ್ಣೆಯೂ ಕೆಲಸಕ್ಕೆ ಬಾರದು. ಅದರಲ್ಲಿರುವ ಒಮೆಗಾ-3 ಅನ್ನು ತನಗೆ ಬೇಕಾದ ರೂಪಕ್ಕೆ ತಿರುಗಿಸಿಕೊಳ್ಳುವ ಶಕ್ತಿ ಬೆಕ್ಕಿನ ದೇಹಕ್ಕೆ ತೀರಾ ಕಡಿಮೆ. ಮೀನೆಣ್ಣೆಯ ಗುಣವೂ ಮಿತವೇ. ಕೆಲವು ವಾರಗಳ ಮೇಲೆ ಪುಸ್ತಕದ ಲೆಕ್ಕದಲ್ಲಿ ಏನೂ ಬದಲಾಗದಿದ್ದರೆ ಮುಂದುವರಿಸಬೇಕೆ ಎಂದು ವೈದ್ಯರೊಂದಿಗೆ ಮಾತಾಡಿ.

7. ಅಲರ್ಜಿಯ ಅನುಮಾನವಿದ್ದರೆ ಕ್ರಮವಾಗಿ ಪರೀಕ್ಷಿಸಿ

ಕೆಮ್ಮಿನ ಜೊತೆಗೆ ತಲೆ-ಕತ್ತಿನ ತುರಿಕೆ, ಕಿವಿಯ ತೊಂದರೆ, ಆಗಾಗ ವಾಂತಿ ಅಥವಾ ಭೇದಿ ಇದ್ದರೆ ಆಹಾರದ ಅಲರ್ಜಿಯನ್ನು ನೋಡಬೇಕಾಗುತ್ತದೆ. ಬೆಕ್ಕುಗಳಲ್ಲಿ ಹೆಚ್ಚಾಗಿ ಅಲರ್ಜಿ ಕೊಡುವವು ದನದ ಮಾಂಸ, ಮೀನು, ಕೋಳಿ. ಬೆಕ್ಕು ಹಿಂದೆಂದೂ ತಿನ್ನದ ಒಂದೇ ಮಾಂಸವನ್ನೋ, ಪ್ರೋಟೀನನ್ನು ಸಣ್ಣ ಸಣ್ಣ ತುಣುಕಾಗಿ ಒಡೆದು ತಯಾರಿಸಿದ ವಿಶೇಷ ಆಹಾರವನ್ನೋ ಕನಿಷ್ಠ 8 ವಾರ ಕೊಟ್ಟು ನೋಡುತ್ತಾರೆ. ಆ ಅವಧಿಯಲ್ಲಿ ಬೇರೆ ಯಾವುದೂ ಬಾಯಿಗೆ ಬೀಳಬಾರದು. ಒಂದು ಬಿಸ್ಕತ್ತು, ನೆರೆಮನೆಯ ಒಂದು ಮೀನುತಲೆ ಸಾಕು, ಇಡೀ ಪರೀಕ್ಷೆ ಕೆಡುತ್ತದೆ. ತೊಂದರೆ ಕಡಿಮೆಯಾದರೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ತೊಂದರೆ ಮರಳಿದರೆ ಮಾತ್ರ ಅಲರ್ಜಿ ಖಚಿತ. ಈ ಪರೀಕ್ಷೆ ನಡೆಯುವಾಗ ಉಬ್ಬಸದ ಔಷಧಿ ನಿಲ್ಲಿಸುವಂತಿಲ್ಲ.

8. ಬಟ್ಟಲಿನ ಸುತ್ತಲಿನ ಗಾಳಿ ನೋಡಿ

ಒಣ ಕಾಳಿನ ದೊಡ್ಡ ಚೀಲ ತಿಂಗಳುಗಟ್ಟಲೆ ತೆರೆದೇ ಇದ್ದರೆ, ಅದರಲ್ಲೂ ಮಳೆಗಾಲದ ತೇವದಲ್ಲಿ, ಬೂಷ್ಟೂ ನುಸಿಯೂ ಸೇರಿಕೊಳ್ಳುತ್ತವೆ. ತಳದಲ್ಲಿ ಉಳಿಯುವ ಪುಡಿಗೆ ಬೆಕ್ಕು ಮೂಗಿಟ್ಟೇ ತಿನ್ನಬೇಕು. ಒಂದು ತಿಂಗಳಿಗೆ ಆಗುವಷ್ಟು ಚಿಕ್ಕ ಚೀಲ ತನ್ನಿ, ಗಾಳಿಯಾಡದ ಡಬ್ಬಿಯಲ್ಲಿಡಿ, ತಳದ ಪುಡಿಯನ್ನು ಎಸೆಯಿರಿ, ಡಬ್ಬಿಯನ್ನು ತೊಳೆದು ಒಣಗಿಸಿ ಮತ್ತೆ ತುಂಬಿ.

ಬೆಕ್ಕಿನ ಊಟದ ಜಾಗವನ್ನು ಒಲೆಯ ಬಳಿಯಿಂದ ತೆಗೆಯಿರಿ. ಒಗ್ಗರಣೆಯ ಮೆಣಸಿನಕಾಯಿ ಘಾಟು, ಸೌದೆ ಹೊಗೆ, ಹಿಟ್ಟಿನ ಧೂಳು ಶ್ವಾಸನಾಳವನ್ನು ಕೆರಳಿಸುತ್ತವೆ. ದೇವರ ಮನೆಯ ಅಗರಬತ್ತಿ, ಸಾಂಬ್ರಾಣಿ, ಸೊಳ್ಳೆಬತ್ತಿ, ಸಿಗರೇಟಿನ ಹೊಗೆಗೂ ಇದೇ ಮಾತು. ಊಟ ಎಷ್ಟೇ ಸರಿಯಿದ್ದರೂ ಈ ಹೊಗೆಯ ನಡುವೆ ಉಬ್ಬಸ ಹಿಡಿತಕ್ಕೆ ಬರುವುದಿಲ್ಲ.

9. ಊಟವನ್ನು ಔಷಧಿಯ ಜೊತೆ ಹೊಂದಿಸಿ

ಇನ್‌ಹೇಲರನ್ನು ಬೆಕ್ಕಿಗೆ ಕೊಡುವುದು ಸ್ಪೇಸರ್ ಎಂಬ ಕೊಳವೆ ಮತ್ತು ಪುಟ್ಟ ಮುಖವಾಡದ ಮೂಲಕ. ಮುಖವಾಡ ಇಟ್ಟು 7ರಿಂದ 10 ಉಸಿರು ತೆಗೆದುಕೊಳ್ಳುವವರೆಗೆ ಹಿಡಿಯಬೇಕು. ಅಭ್ಯಾಸ ಮಾಡಿಸಲು ಊಟಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮೊದಲ ಕೆಲವು ದಿನ ಔಷಧಿ ಇಲ್ಲದೆ ಮುಖವಾಡವನ್ನು ಮೂಸಲು ಬಿಡಿ, ಮೂಸಿದ ಕೂಡಲೇ ಒಂದು ತುಣುಕು ಬೆಂದ ಕೋಳಿ ಕೊಡಿ. ಆಮೇಲೆ ಒಂದೆರಡು ಕ್ಷಣ ಮುಖಕ್ಕೆ ತಾಗಿಸಿ, ಮತ್ತೆ ತುಣುಕು. ಹೀಗೆ ಮುಖವಾಡವೆಂದರೆ ಊಟದ ಮುನ್ಸೂಚನೆ ಎಂದು ಬೆಕ್ಕಿಗೆ ಮನದಟ್ಟಾಗಬೇಕು. ಇನ್‌ಹೇಲರ್ ಆದ ಮೇಲೆ ದಿನದ ಮುಖ್ಯ ಊಟ ಬಡಿಸಿ. ಆ ತುಣುಕುಗಳನ್ನೂ ದಿನದ ಲೆಕ್ಕದಲ್ಲಿ ಸೇರಿಸಿ.

ಮಾತ್ರೆಯನ್ನು ಇಡೀ ಊಟದಲ್ಲಿ ಕಲಸಬೇಡಿ. ಪ್ರೆಡ್ನಿಸೊಲೋನ್ ಕಹಿ. ಒಮ್ಮೆ ಕಹಿ ತಗುಲಿದರೆ ಬೆಕ್ಕು ಆ ಊಟವನ್ನೇ ಬಿಟ್ಟುಬಿಡಬಹುದು. ಒಂದು ಚಿಕ್ಕ ತುತ್ತಿನಲ್ಲಿ ಮುಚ್ಚಿ ಕೊಟ್ಟು, ಹಿಂದೆಯೇ ಒಂದು ಚಮಚ ಒದ್ದೆ ಆಹಾರ ಕೊಡಿ. ಮಾತ್ರೆ ಅನ್ನನಾಳದಲ್ಲಿ ಅಂಟಿಕೊಳ್ಳದೆ ಇಳಿಯುತ್ತದೆ.

10. ಕಡಿಮೆ ಕಡಿಮೆಯಾಗಿ, ಹೆಚ್ಚು ಸಲ

ಹೊಟ್ಟೆ ಬಿರಿಯ ಉಂಡಾಗ ವಪೆಯ ಮೇಲೆ ಒತ್ತಡ ಬೀಳುತ್ತದೆ. ದಿನದ ಪಾಲನ್ನು ನಾಲ್ಕೈದು ಸಲಕ್ಕೆ ಹಂಚಿ. ಸ್ಟಿರಾಯ್ಡ್‌ನಿಂದ ಸದಾ ಹಸಿದು ಕಾಲು ಸುತ್ತುವ ಬೆಕ್ಕಿಗೂ ಇದರಿಂದ ನೆಮ್ಮದಿ. ಆಹಾರ ಬದಲಿಸುವಾಗ ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ 7ರಿಂದ 10 ದಿನ ತೆಗೆದುಕೊಳ್ಳಿ.

ಇವನ್ನು ಕೊಡಲೇಬೇಡಿ

- ಪ್ಯಾರಾಸಿಟಮಾಲ್. ಡೋಲೊ, ಕ್ರೋಸಿನ್ ಮುಂತಾದ ಹೆಸರಿನ ಮಾತ್ರೆಗಳು ಬೆಕ್ಕಿಗೆ ವಿಷ. ಒಂದು ಮಾತ್ರೆಯೇ ಜೀವ ತೆಗೆಯಬಹುದು. ರಕ್ತ ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಂಡು ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ, ಉಸಿರು ಕಟ್ಟುತ್ತದೆ.
- ಈರುಳ್ಳಿ, ಬೆಳ್ಳುಳ್ಳಿ. ಹಸಿಯಾಗಲಿ ಬೆಂದದ್ದಾಗಲಿ ಪುಡಿಯಾಗಲಿ, ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಾರು, ಪಲ್ಯದ ರಸ, ಮಸಾಲೆ ಹಾಕಿದ ಮಾಂಸದ ತುಂಡು ಎಲ್ಲದರಲ್ಲೂ ಇವು ಇರುತ್ತವೆ.
- ಕಷಾಯ ಮತ್ತು ಮನೆಮದ್ದು. ಮೆಣಸಿನ ಕಷಾಯ, ಶುಂಠಿ-ಜೇನು ನಮಗೆ ಗಂಟಲಿಗೆ ಹಿತ. ಬೆಕ್ಕಿನ ಉಬ್ಬಸಕ್ಕೆ ಇವುಗಳಿಂದ ಉಪಯೋಗವಿಲ್ಲ, ಒತ್ತಾಯದಿಂದ ಕುಡಿಸುವಾಗ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.
- ಬಾಯಿಗೆ ಸುರಿಯುವ ಎಣ್ಣೆ, ತುಪ್ಪ, ಪ್ಯಾರಾಫಿನ್. ಕೂದಲುಂಡೆ ಇಳಿಯಲಿ ಎಂದು ಹರಳೆಣ್ಣೆ, ತುಪ್ಪ ಸುರಿಯುವ ರೂಢಿ ಇದೆ. ಕೆಮ್ಮುವ ಬೆಕ್ಕಿನ ಬಾಯಿಗೆ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕಠಿಣವಾದ ನ್ಯುಮೋನಿಯಾ ಆಗುತ್ತದೆ.
- ನೀಲಗಿರಿ ಎಣ್ಣೆ, ಕರ್ಪೂರ, ನೋವಿನ ಮುಲಾಮು. ಬೆಕ್ಕಿನ ಎದೆಗೆ ಹಚ್ಚಬೇಡಿ, ಹಬೆಗೂ ಬೆರೆಸಬೇಡಿ. ಬೆಕ್ಕು ಮೈ ನೆಕ್ಕಿದಾಗ ಎಲ್ಲವೂ ಹೊಟ್ಟೆಗೇ ಹೋಗುತ್ತದೆ.

ಹೆಚ್ಚಾಗಿ ಆಗುವ ತಪ್ಪುಗಳು

ಊಟ ಸರಿಯಾಯಿತೆಂದು ಔಷಧಿ ನಿಲ್ಲಿಸುವುದು. ಕೆಮ್ಮು ಕೇಳಿಸದಿದ್ದರೂ ಶ್ವಾಸನಾಳದ ಉರಿಯೂತ ಒಳಗೊಳಗೇ ಮುಂದುವರಿಯಬಹುದು. ದಿನಗಟ್ಟಲೆ ಸ್ಟಿರಾಯ್ಡ್ ತಿಂದ ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಗೇ ನಿಲ್ಲಿಸಿದರೆ ಬೆಕ್ಕು ಕುಸಿಯಬಹುದು. ಪ್ರಮಾಣ ಇಳಿಸುವುದು ವೈದ್ಯರ ಕೆಲಸ, ಇಳಿಸಲು ನೆರವಾಗುವ ಲೆಕ್ಕ ಕೊಡುವುದು ನಿಮ್ಮದು.

ಬೇಗ ತೂಕ ಇಳಿಯಲೆಂದು ಉಪವಾಸ ಹಾಕುವುದು. ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬು ಪಿತ್ತಜನಕಾಂಗಕ್ಕೆ ನುಗ್ಗಿ ತುಂಬಿಕೊಳ್ಳುತ್ತದೆ. ಅದು ಪ್ರಾಣಕ್ಕೇ ಕುತ್ತು. ಹೊಸ ಆಹಾರ ಇಷ್ಟವಾಗದೆ ಬೆಕ್ಕು ಒಂದು ದಿನ ಪೂರ್ತಿ ಬಾಯಿಗೆ ಹಾಕದಿದ್ದರೆ ಹಟ ಸಾಧಿಸಬೇಡಿ. ಹಳೆಯದನ್ನೇ ಕೊಟ್ಟು ವೈದ್ಯರಿಗೆ ಹೇಳಿ.

ಹಾಲನ್ನು ಲೆಕ್ಕಕ್ಕೆ ಹಿಡಿಯದಿರುವುದು. 100 ಮಿ.ಲೀ. ಹಸುವಿನ ಹಾಲಿನಲ್ಲಿ 60ಕ್ಕೂ ಹೆಚ್ಚು ಕ್ಯಾಲರಿ ಇದೆ. ಪುಟ್ಟ ಬೆಕ್ಕಿನ ದಿನದ ಪಾಲಿನಲ್ಲಿ ಇದು ಮೂರನೇ ಒಂದು ಭಾಗದಷ್ಟು. ಎಮ್ಮೆ ಹಾಲಾದರೆ ಇನ್ನೂ ಹೆಚ್ಚು. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲಿನ ಸಕ್ಕರೆ ಅರಗುವುದೂ ಇಲ್ಲ. ಕಫದ ಮಾತಿರಲಿ, ಈ ಎರಡು ಕಾರಣಕ್ಕೇ ಹಾಲು ಬಿಡಿಸುವುದು ಲೇಸು.

ಶೀತ-ಉಷ್ಣದ ಲೆಕ್ಕ ಹಾಕುವುದು. ಯಾವ ಆಹಾರ ಶೀತ, ಯಾವುದು ಉಷ್ಣ ಎಂಬ ನಮ್ಮ ಪಥ್ಯದ ಮೇಲೆ ಬೆಕ್ಕಿನ ಊಟ ತೀರ್ಮಾನಿಸಬೇಡಿ. ಫ್ರಿಜ್ಜಿನಿಂದ ತೆಗೆದ ಆಹಾರವನ್ನು ಉಗುರುಬೆಚ್ಚಗೆ ಮಾಡಿ ಕೊಡುವುದು ಒಳ್ಳೆಯದೇ. ಅದಕ್ಕೆ ಕಾರಣ ಬೇರೆ: ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ಹಸಿವಿಲ್ಲದ ಬೆಕ್ಕೂ ಬಾಯಿ ಹಾಕುತ್ತದೆ.

ಎಲ್ಲವನ್ನೂ ಒಟ್ಟಿಗೆ ಬದಲಿಸುವುದು. ಹೊಸ ಆಹಾರ, ಮೀನೆಣ್ಣೆ, ಮಲಮೂತ್ರದ ತಟ್ಟೆಗೆ ಹೊಸ ಮರಳು ಎಲ್ಲ ಒಂದೇ ವಾರದಲ್ಲಿ ಬಂದರೆ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂದು ತಿಳಿಯುವುದು ಹೇಗೆ? ಒಂದು ಬದಲಾವಣೆ ಮಾಡಿ, ಮೂರು ನಾಲ್ಕು ವಾರ ನೋಡಿ, ಆಮೇಲೆ ಮುಂದಿನದು.

ಬಾಯಾರಿಕೆಯನ್ನು ಕಡೆಗಣಿಸುವುದು. ಸ್ಟಿರಾಯ್ಡ್ ತಿನ್ನುವ ಬೆಕ್ಕು ಇದ್ದಕ್ಕಿದ್ದಂತೆ ಹೆಚ್ಚು ನೀರು ಕುಡಿದು, ಹೆಚ್ಚು ಮೂತ್ರ ಮಾಡಿ, ಚೆನ್ನಾಗಿ ತಿಂದರೂ ಸೊರಗುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.

ಊಟದ ಮಾತು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಓಡಬೇಕಾದಾಗ

ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಹೊಟ್ಟೆ ಒಳಗೆಳೆದು ಉಸಿರಾಡುತ್ತಿದ್ದರೆ, ವಸಡು-ನಾಲಗೆ ನೀಲಿಯಾದರೆ ಅಥವಾ ಬಿಳಿಚಿಕೊಂಡರೆ, ಕೂತಲ್ಲಿಂದ ಏಳದಿದ್ದರೆ ಇದು ತುರ್ತು. ಆ ಹೊತ್ತಿನಲ್ಲಿ ನೀರು, ಆಹಾರ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ವೈದ್ಯರು ಮೊದಲೇ ಸಾಲ್ಬುಟಮಾಲ್ ಕೊಟ್ಟು ಹೇಳಿಕೊಟ್ಟಿದ್ದರೆ ಅವರು ಹೇಳಿದಂತೆ ಕೊಡಿ. ಬೆಕ್ಕನ್ನು ಹಿಡಿದು ಅದುಮದೆ, ಗಾಳಿಯಾಡುವ ಬುಟ್ಟಿಯಲ್ಲಿ ಸದ್ದುಗದ್ದಲವಿಲ್ಲದೆ ಕರೆದೊಯ್ಯಿರಿ. ಹೊರಡುವ ಮೊದಲು ಆಸ್ಪತ್ರೆಗೆ ಕರೆ ಮಾಡಿ, ಉಸಿರು ಕಟ್ಟಿದ ಬೆಕ್ಕು ಬರುತ್ತಿದೆ, ಆಮ್ಲಜನಕ ಸಿದ್ಧವಿರಲಿ ಎಂದು ಹೇಳಿ. ಹತ್ತಿರದಲ್ಲಿ ಆಮ್ಲಜನಕ ಸೌಲಭ್ಯವಿರುವ ಪಶು ಆಸ್ಪತ್ರೆ ಎಲ್ಲಿದೆ, ರಾತ್ರಿ ತೆರೆದಿರುತ್ತದೆಯೆ ಎಂಬುದನ್ನು ಬೆಕ್ಕು ಚೆನ್ನಾಗಿರುವಾಗಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ.

ಎಷ್ಟನ್ನು ನಿರೀಕ್ಷಿಸಬಹುದು?

ಊಟದ ಬದಲಾವಣೆ ಇನ್‌ಹೇಲರ್‌ನಂತೆ ಕೆಲಸ ಮಾಡುವುದಿಲ್ಲ. ಫ್ಲುಟಿಕಾಸೋನ್ ಇನ್‌ಹೇಲರ್‌ಗೂ ಪೂರ್ಣ ಪರಿಣಾಮಕ್ಕೆ ಒಂದೆರಡು ವಾರ ಬೇಕು. ತೂಕ ಇಳಿದು ಉಸಿರು ಹಗುರವಾಗಲು ತಿಂಗಳುಗಳೇ ಬೇಕು. ಎರಡು ವಾರಕ್ಕೊಮ್ಮೆ ತೂಗಿ. ವಾರಕ್ಕೆ ಮೂರು ಸಲವಾದರೂ ಮಲಗಿರುವ ಬೆಕ್ಕಿನ ಉಸಿರು ಎಣಿಸಿ. ಕೆಮ್ಮಿದ ದಿನ, ಹೊತ್ತು, ಆ ದಿನ ತಿಂದದ್ದು, ಮನೆಯಲ್ಲಿ ಹೊಗೆ-ಧೂಳು ಇತ್ತೆ ಎಂಬುದನ್ನು ಬರೆಯಿರಿ. ಸಾಧ್ಯವಾದರೆ ಕೆಮ್ಮನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಬೆಕ್ಕು ಕೆಮ್ಮುವುದು ಕಡಿಮೆ, ವಿಡಿಯೊ ನೋಡಿದರೆ ವೈದ್ಯರಿಗೆ ಕೂದಲುಂಡೆಯೋ ಉಬ್ಬಸವೋ ಎಂದು ಬೇಗ ತಿಳಿಯುತ್ತದೆ.

ಮುಂದಿನ ಭೇಟಿಗೆ ಈ ಪುಸ್ತಕ, ವಿಡಿಯೊ, ಬೆಕ್ಕು ತಿನ್ನುವ ಆಹಾರದ ಪೊಟ್ಟಣ ಮೂರನ್ನೂ ತೆಗೆದುಕೊಂಡು ಹೋಗಿ. 'ಈಗ ತೂಕ ಇಷ್ಟಾಗಿದೆ, ಉಸಿರು ಇಷ್ಟಕ್ಕೆ ಬಂದಿದೆ, ಸ್ಟಿರಾಯ್ಡ್ ಕಡಿಮೆ ಮಾಡಬಹುದೆ?' ಎಂದು ಕೇಳಿ. ಲೆಕ್ಕ ಕೈಯಲ್ಲಿದ್ದರೆ ವೈದ್ಯರೂ ಧೈರ್ಯವಾಗಿ ಪ್ರಮಾಣ ಇಳಿಸಬಲ್ಲರು. ಉಬ್ಬಸ ಇರುವ ಬೆಕ್ಕುಗಳಲ್ಲಿ ಹೆಚ್ಚಿನವು ಸರಿಯಾದ ಚಿಕಿತ್ಸೆ ಸಿಕ್ಕರೆ ವರ್ಷಗಳ ಕಾಲ ಆಡಿಕೊಂಡು, ಉಂಡುಕೊಂಡು ಬಾಳುತ್ತವೆ. ನಾಳೆ ಬೆಳಿಗ್ಗೆ ಮಾಡಬಹುದಾದ ಮೊದಲ ಕೆಲಸ ಸರಳವಾದದ್ದು: ತಕ್ಕಡಿ ತೆಗೆದು ಬೆಕ್ಕಿನ ದಿನದ ಪಾಲನ್ನು ತೂಗಿ ಡಬ್ಬಿಗೆ ಹಾಕಿ.